ಒಂದೇ ಟವರ್, ಹಲವು ಸೇವೆ: 5ಜಿಯಲ್ಲಿ ರೇಡಿಯೋ ಹಂಚಿಕೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಿಗ್ನಲ್ ಫುಲ್ ಇದ್ದರೂ ನೆಟ್ ಯಾಕೆ ನಿಧಾನ? ಸ್ಲೈಸಿಂಗ್ ಅಂದರೆ ಏನು? ಜಾಸ್ತಿ ದುಡ್ಡು ಕೊಟ್ಟವರಿಗೆ ಬೇರೆ ದಾರಿ ಮಾಡಿಕೊಡುತ್ತಾರಾ? ಈ ಎಲ್ಲ ಪ್ರಶ್ನೆಗಳ ಬುಡದಲ್ಲಿ ಇರುವುದು ಒಂದೇ ವಿಷಯ. ಒಂದು ಟವರ್ ಕೈಯಲ್ಲಿರುವ ರೇಡಿಯೋ ಇಷ್ಟೇ ಅಂತ ಅಳತೆಯಲ್ಲಿದೆ. ಅದನ್ನು ಬೇಡುವ ಸೇವೆಗಳು ಹಲವು. ಒಬ್ಬರಿಗೆ ಖಾತ್ರಿ ಕೊಟ್ಟರೆ ಆ ಪಾಲು ಇನ್ನೊಬ್ಬರಿಂದಲೇ ಬರಬೇಕು. ಯಾರಿಂದ ಬಂತು, ಎಷ್ಟು ಬಂತು, ಅವರ ನಷ್ಟವನ್ನು ಯಾರು ತುಂಬಿಕೊಟ್ಟರು ಎಂದು ಕೇಳುತ್ತಾ ಹೋಗಿ. 5ಜಿಯ ಅರ್ಧಕ್ಕರ್ಧ ಅರ್ಥವಾಗುತ್ತದೆ.

ಹಂಚುವುದು ಅಂತೀರಲ್ಲ, ಏನನ್ನು ಹಂಚುವುದು?

ಆವರ್ತನ ಮತ್ತು ಸಮಯ, ಇವೆರಡನ್ನು. 2022ರ ಹರಾಜಿನಲ್ಲಿ ಜಿಯೋ ಮತ್ತು ಏರ್‌ಟೆಲ್ ಎರಡೂ 3.3 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ದೇಶದ ಎಲ್ಲ 22 ಟೆಲಿಕಾಂ ಸರ್ಕಲ್‌ಗಳಲ್ಲೂ ಕನಿಷ್ಠ 100 ಮೆಗಾಹರ್ಟ್ಸ್ ಕೊಂಡವು. ಅದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಈ 100 ಮೆಗಾಹರ್ಟ್ಸನ್ನು ಸಾಮಾನ್ಯವಾಗಿ 30 ಕಿಲೋಹರ್ಟ್ಸ್ ಅಗಲದ ಸಣ್ಣ ಸಣ್ಣ ವಾಹಕಗಳಾಗಿ ಸೀಳುತ್ತಾರೆ. 12 ವಾಹಕ ಸೇರಿದರೆ ಒಂದು ರಿಸೋರ್ಸ್ ಬ್ಲಾಕ್. ಅಂಚಿನಲ್ಲಿ ಬಿಡಬೇಕಾದ ಜಾಗ ಕಳೆದರೆ 273 ಬ್ಲಾಕ್ ಸಿಗುತ್ತವೆ. ಸಮಯವನ್ನು ಅರ್ಧ ಮಿಲಿಸೆಕೆಂಡಿನ ಸ್ಲಾಟ್‌ಗಳಾಗಿ ಕತ್ತರಿಸುತ್ತಾರೆ. ಒಂದು ಸ್ಲಾಟ್‌ನಲ್ಲಿ 14 ಸಿಂಬಲ್, ಅಂದರೆ ಸಮಯದ ಇನ್ನೂ ಸಣ್ಣ ತುಂಡುಗಳು. ಸೆಕೆಂಡಿಗೆ 2,000 ಸ್ಲಾಟ್, ಪ್ರತಿ ಸ್ಲಾಟ್‌ನಲ್ಲೂ 273 ಬ್ಲಾಕ್. ಆ ಸೆಲ್‌ನಲ್ಲಿರುವ, ಅಂದರೆ ಟವರ್ ಆವರಿಸುವ ಆ ಪ್ರದೇಶದಲ್ಲಿರುವ ಎಲ್ಲರೂ ಪಾಲು ಹಾಕಿಕೊಳ್ಳಬೇಕಾದ್ದು ಇದನ್ನೇ.

ಈ ಬ್ಯಾಂಡ್‌ನಲ್ಲಿ ಇನ್ನೊಂದು ಕಟ್ಟು ಇದೆ. ಟವರ್‌ನಿಂದ ಫೋನಿಗೆ, ಫೋನಿನಿಂದ ಟವರ್‌ಗೆ, ಎರಡೂ ಒಂದೇ ಆವರ್ತನದಲ್ಲಿ ಸರದಿಯ ಮೇಲೆ ನಡೆಯುತ್ತವೆ. ಹೆಚ್ಚಿನ ಸ್ಲಾಟ್‌ಗಳು ಡೌನ್‌ಲೋಡ್‌ಗೇ ಹೋಗುತ್ತವೆ. ಹಾಗಾಗಿ ಅಪ್‌ಲೋಡ್ ಪಾಲು ಮೊದಲಿಂದಲೂ ಚಿಕ್ಕದು.

ಇದರ ಜೊತೆಗೆ ಆಂಟೆನಾಗಳ ಕೈಚಳಕವೂ ಇದೆ. ಟವರ್ ತನ್ನ ಹತ್ತಾರು ಆಂಟೆನಾಗಳಿಂದ ಕಿರಣವನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ, ಒಂದೇ ಬ್ಲಾಕನ್ನು ಒಂದೇ ಹೊತ್ತಿನಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಕೊಡಬಲ್ಲದು. ಆದರೆ ಅವರು ಟವರ್‌ನಿಂದ ಬೇರೆ ಬೇರೆ ದಿಕ್ಕಿನಲ್ಲಿರಬೇಕು. ಒಂದೇ ಬಸ್ಸಿನಲ್ಲಿ ಕೂತಿರುವ ನಲವತ್ತು ಜನರಿಗೆ ಇದು ಅಷ್ಟಾಗಿ ಉಪಯೋಗವಿಲ್ಲ.

ಯಾವ ಯಾವ ಸೇವೆಗಳು ಇದಕ್ಕೆ ಕೈ ಚಾಚುತ್ತವೆ?

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2015ರಲ್ಲಿ 5ಜಿಗೆ ಚೌಕಟ್ಟು ಹಾಕಿದಾಗ ಮೂರು ಬಗೆ ಗುರುತಿಸಿತು. ಮೊದಲನೆಯದು ನಾವು ದಿನಾ ಬಳಸುವ ಮೊಬೈಲ್ ಬ್ರಾಡ್‌ಬ್ಯಾಂಡ್: ವಿಡಿಯೋ, ಡೌನ್‌ಲೋಡ್, ರೀಲ್ಸ್. ಎರಡನೆಯದು ತಡವನ್ನೂ ತಪ್ಪನ್ನೂ ಸಹಿಸದ ಸಂಪರ್ಕ: ಕಾರ್ಖಾನೆಯ ರೋಬೋ ತೋಳು, ವಿದ್ಯುತ್ ಗ್ರಿಡ್‌ನ ರಕ್ಷಣಾ ಸಂದೇಶ. ಇದರ ಗುರಿ ಹೀಗಿದೆ: 32 ಬೈಟಿನ ಒಂದು ಪ್ಯಾಕೆಟ್ ಒಂದು ಮಿಲಿಸೆಕೆಂಡಿನೊಳಗೆ 99.999% ಖಾತ್ರಿಯಲ್ಲಿ ತಲುಪಬೇಕು. ಅಂದರೆ ಒಂದು ಲಕ್ಷಕ್ಕೆ ಒಂದು ತಪ್ಪಬಹುದು, ಅಷ್ಟೇ. ಮೂರನೆಯದು ಲೆಕ್ಕವಿಲ್ಲದಷ್ಟು ಸಣ್ಣ ಯಂತ್ರಗಳು, ಅಂದರೆ ಮೀಟರ್ ಮತ್ತು ಸೆನ್ಸರ್‌ಗಳು. ಚದರ ಕಿಲೋಮೀಟರಿಗೆ ಹತ್ತು ಲಕ್ಷ ಸಾಧನಗಳವರೆಗೆ ತಾಳಬೇಕು ಎನ್ನುವುದು ಗುರಿ.

ಮಾತಿನ ಕರೆ ಈ ಪಟ್ಟಿಯಲ್ಲಿ ಬೇರೆಯಾಗಿ ಕಾಣುವುದಿಲ್ಲ. ಆದರೆ ಅದರ ಹಕ್ಕು ಎಲ್ಲಕ್ಕಿಂತ ಹಳೆಯದು.

ಈ ಮೂವರ ಸ್ವಭಾವ ಹೊಂದುವುದೇ ಇಲ್ಲ. ಒಬ್ಬರಿಗೆ ರಾಶಿ ಬೇಕು, ತಡವಾದರೂ ನಡೆಯುತ್ತದೆ. ಇನ್ನೊಬ್ಬರಿಗೆ ಚೂರು ಸಾಕು, ಆದರೆ ಈಗಲೇ ಬೇಕು. ಮತ್ತೊಬ್ಬರಿಗೆ ದಿನಕ್ಕೊಂದು ಸಲ ನಾಲ್ಕು ಅಂಕಿ ಕಳಿಸಿದರೆ ಸಾಕು, ಆದರೆ ಅವರು ಲಕ್ಷ ಜನ.

ಸ್ಪೆಕ್ಟ್ರಮ್ ಅನ್ನು ಮೂರು ಭಾಗ ಮಾಡಿ ಒಬ್ಬೊಬ್ಬರಿಗೆ ಕೊಟ್ಟುಬಿಟ್ಟರೆ ಆಗಲ್ವಾ?

ಆಗುತ್ತದೆ. ಆದರೆ ದುಬಾರಿ ಬೀಳುತ್ತದೆ. ಇದನ್ನು ಲೆಕ್ಕ ಹಾಕಿ ತೋರಿಸಿದವರು ಡೆನ್ಮಾರ್ಕಿನ ಅಗ್ನರ್ ಕ್ರಾರುಪ್ ಎರ್ಲಾಂಗ್. ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗಾಗಿ 1917ರಲ್ಲಿ ಅವರು ಕೊಟ್ಟ ಸೂತ್ರ ಇವತ್ತಿಗೂ ನಡೆಯುತ್ತದೆ.

ನಿಮ್ಮ ಬಳಿ 20 ಲೈನ್ ಇವೆ ಅಂದುಕೊಳ್ಳಿ. ನೂರಕ್ಕೆ ಎರಡು ಕರೆಗಳಿಗಿಂತ ಜಾಸ್ತಿ ತಪ್ಪಿಹೋಗಬಾರದು ಎನ್ನುವುದು ಷರತ್ತು. ಹತ್ತು ಹತ್ತಾಗಿ ಎರಡು ಗುಂಪು ಮಾಡಿದರೆ ಒಂದೊಂದು ಗುಂಪು ಸರಾಸರಿ 5.08 ಎರ್ಲಾಂಗ್ ಹೊರೆ ಹೊರುತ್ತದೆ (ಒಂದು ಲೈನ್ ಬಿಡುವಿಲ್ಲದೆ ನಡೆದರೆ ಒಂದು ಎರ್ಲಾಂಗ್). ಎರಡೂ ಸೇರಿ 10.17. ಅದೇ 20 ಲೈನನ್ನು ಒಂದೇ ರಾಶಿಯಾಗಿ ಇಟ್ಟರೆ 13.18 ಹೊರುತ್ತದೆ. ಒಂದು ಲೈನೂ ಹೆಚ್ಚಾಗಿಲ್ಲ, ಆದರೆ ಕೆಲಸ ಸುಮಾರು 30% ಜಾಸ್ತಿಯಾಯಿತು. ಒಂದು ಗುಂಪು ತುಂಬಿ ಇನ್ನೊಂದು ಖಾಲಿ ಕೂತಿರುವ ಹೊತ್ತು ಇಲ್ಲವಾಗುವುದೇ ಇದಕ್ಕೆ ಕಾರಣ.

ಗೋಡೆ ಕಟ್ಟಿದಷ್ಟೂ ಈ ಲಾಭ ಕೈತಪ್ಪುತ್ತದೆ. ಸಾವಿರಾರು ಕೋಟಿ ಕೊಟ್ಟು ಕೊಂಡ ತರಂಗಾಂತರ ಸುಮ್ನೆ ಖಾಲಿ ಹೊಡೆಯುವುದು ಯಾರಿಗೂ ಒಳ್ಳೆಯದಲ್ಲ. 2022ರ ಆ ಹರಾಜಿನ ಒಟ್ಟು ಮೊತ್ತ ಸುಮಾರು 1.5 ಲಕ್ಷ ಕೋಟಿ ರೂಪಾಯಿ. ಕೊನೆಗೆ ಅದು ನಮ್ಮ ರೀಚಾರ್ಜ್‌ನಲ್ಲೇ ಬರಬೇಕು.

ಹಾಗಾದರೆ ಯಾರಿಗೆ ಎಷ್ಟು ಅಂತ ತೀರ್ಮಾನ ಮಾಡುವುದು ಯಾರು?

ಬೇಸ್ ಸ್ಟೇಷನ್ ಒಳಗಿನ ಶೆಡ್ಯೂಲರ್ ಎಂಬ ತಂತ್ರಾಂಶ. ಪ್ರತಿ ಸ್ಲಾಟ್‌ಗೂ, ಅಂದರೆ ಸೆಕೆಂಡಿಗೆ ಸಾವಿರಾರು ಸಲ ಅದು ಪಾಲು ಹಂಚುತ್ತಾ ಇರುತ್ತದೆ.

ಇಲ್ಲಿ ಒಂದು ನಿಜವಾದ ನ್ಯಾಯದ ಪ್ರಶ್ನೆ ಇದೆ. ಟವರ್ ಹತ್ತಿರ ಇರುವವರಿಗೆ ಒಂದು ಬ್ಲಾಕ್ ಕೊಟ್ಟರೆ ಅದರಲ್ಲಿ ತುಂಬಾ ಡೇಟಾ ಹೋಗುತ್ತದೆ. ಸೆಲ್‌ನ ಅಂಚಿನಲ್ಲಿರುವವರಿಗೆ ಅದೇ ಬ್ಲಾಕ್ ಕೊಟ್ಟರೆ ಚೂರೇ ಹೋಗುತ್ತದೆ. ನಾಲೆಯ ನೀರಿನ ಹಾಗೆ. ತಲೆಯಲ್ಲಿರುವ ಗದ್ದೆಗೆ ಬಿಟ್ಟ ನೀರು ಪೂರಾ ತಲುಪುತ್ತದೆ, ಕೊನೆಯ ಭಾಗಕ್ಕೆ ಬಿಟ್ಟದ್ದು ದಾರಿಯಲ್ಲೇ ಇಂಗುತ್ತದೆ. ಒಟ್ಟು ಇಳುವರಿ ಮಾತ್ರ ನೋಡುವುದಾದರೆ ಕೊನೆಯವರಿಗೆ ನೀರನ್ನೇ ಬಿಡಬಾರದು ಅನ್ನಬೇಕಾಗುತ್ತದೆ. ಅದು ನ್ಯಾಯವಲ್ಲ.

ಅದಕ್ಕೇ ಹೆಚ್ಚಿನ ಶೆಡ್ಯೂಲರ್‌ಗಳು ಅನುಪಾತದ ನ್ಯಾಯ ಎಂಬ ನಿಯಮದ ಒಂದಲ್ಲ ಒಂದು ರೂಪವನ್ನು ಬಳಸುತ್ತವೆ. ಈ ಕ್ಷಣ ನಿಮಗೆ ಸಿಗಬಹುದಾದ ವೇಗವನ್ನು, ಇತ್ತೀಚೆಗೆ ನಿಮಗೆ ಸಿಕ್ಕಿರುವ ಸರಾಸರಿ ವೇಗದಿಂದ ಭಾಗಿಸುತ್ತಾರೆ. ಆ ಭಾಗಲಬ್ಧ ಯಾರದ್ದು ಜಾಸ್ತಿಯೋ ಅವರಿಗೆ ಬ್ಲಾಕ್. ತುಂಬಾ ಹೊತ್ತು ಸಿಗದೇ ಇದ್ದರೆ ನಿಮ್ಮ ಸರಾಸರಿ ಇಳಿಯುತ್ತದೆ, ಭಾಗಲಬ್ಧ ಏರುತ್ತದೆ, ನಿಮ್ಮ ಸರದಿ ಬರುತ್ತದೆ. ಅದೂ ನಿಮ್ಮ ಸಿಗ್ನಲ್ ಸ್ವಲ್ಪ ಚೆನ್ನಾಗಿರುವ ಗಳಿಗೆಯಲ್ಲೇ ಬರುತ್ತದೆ. ಒಂದೇ ಸಾಲಿನ ಸೂತ್ರ ಇಷ್ಟು ಕೆಲಸ ಮಾಡುವುದು ನೋಡಿದರೆ ನನಗೆ ಈಗಲೂ ಖುಷಿಯಾಗುತ್ತದೆ.

ಇದರ ಮೇಲೆ ಸೇವೆಯ ದರ್ಜೆ ಕೂರುತ್ತದೆ. ಪ್ರತಿ ಹರಿವಿಗೂ ಒಂದು ಸಂಖ್ಯೆ ಇದೆ. ಮಾತಿನ ಕರೆಯದ್ದು 1: ತಡ 100 ಮಿಲಿಸೆಕೆಂಡಿನೊಳಗೆ ಇರಬೇಕು, ನೂರರಲ್ಲಿ ಒಂದು ಪ್ಯಾಕೆಟ್ ಕಳೆದರೂ ನಡೆಯುತ್ತದೆ. ಸಾಮಾನ್ಯ ಇಂಟರ್‌ನೆಟ್‌ನದ್ದು 9: 300 ಮಿಲಿಸೆಕೆಂಡ್‌ವರೆಗೂ ಕಾಯಬಹುದು. ಕಾರ್ಖಾನೆ ಯಂತ್ರಗಳ ದರ್ಜೆ 82ರಲ್ಲಿ ಕಾಯುವ ಮಿತಿ ಬರೀ 10 ಮಿಲಿಸೆಕೆಂಡ್.

ದೊಡ್ಡ ಡೌನ್‌ಲೋಡ್ ನಡೀತಿರುವಾಗ ತುರ್ತು ಪ್ಯಾಕೆಟ್ ಬಂದರೆ ಏನಾಗುತ್ತದೆ?

ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದು. ನಿಧಾನವಾಗಿ ನೋಡೋಣ.

ಒಂದು ಸ್ಲಾಟ್ ಶುರುವಾಗಿದೆ. ಶೆಡ್ಯೂಲರ್ ಆ ಸ್ಲಾಟ್‌ನ ಎಲ್ಲ ಬ್ಲಾಕ್‌ಗಳನ್ನು ಒಂದು ಫೋನಿಗೆ ಕೊಟ್ಟಾಗಿದೆ. "14 ಸಿಂಬಲ್ ಪೂರಾ ನಿನ್ನದೇ" ಎಂದು ಮೊದಲ ಸಿಂಬಲ್‌ಗಳಲ್ಲೇ ಹೇಳಿಯೂ ಆಗಿದೆ. ಐದನೇ ಸಿಂಬಲ್ ಹೋಗುತ್ತಿರುವಾಗ ಕಾರ್ಖಾನೆಯೊಂದರ ನಿಯಂತ್ರಕದಿಂದ ತುರ್ತು ಪ್ಯಾಕೆಟ್ ಬಂತು. ಮುಂದಿನ ಸ್ಲಾಟ್‌ಗೆ ಕಾಯಬಹುದು. ಆದರೆ ಒಟ್ಟು ಗಡುವೇ ಒಂದು ಮಿಲಿಸೆಕೆಂಡ್ ಇರುವಾಗ ಆ ಕಾಯುವಿಕೆ ದುಬಾರಿ.

5ಜಿ ಇದಕ್ಕೆ ಕಟುವಾದ ಉಪಾಯ ಮಾಡಿದೆ. ನಡೆಯುತ್ತಿರುವ ಡೌನ್‌ಲೋಡ್‌ನ ಮಧ್ಯದಲ್ಲೇ ಎರಡು ಸಿಂಬಲ್ ಕಿತ್ತುಕೊಂಡು ಅಲ್ಲಿ ತುರ್ತು ಪ್ಯಾಕೆಟ್ ಕಳಿಸಿಬಿಡುತ್ತದೆ. ಎರಡು, ನಾಲ್ಕು ಅಥವಾ ಏಳು ಸಿಂಬಲ್‌ಗಳ ಈ ತುಂಡಿಗೆ ಮಿನಿ ಸ್ಲಾಟ್ ಎನ್ನುತ್ತಾರೆ. ಎರಡು ಸಿಂಬಲ್ ಅಂದರೆ ಸುಮಾರು 71 ಮೈಕ್ರೋಸೆಕೆಂಡ್. ತುರ್ತು ಪ್ಯಾಕೆಟ್ ಹೊರಟಿತು.

ಈಗ ಆ ಫೋನಿನ ಪಾಡು ನೋಡಿ. ತನ್ನ ಡೇಟಾ ಇರಬೇಕಾದ ಜಾಗದಲ್ಲಿ ಯಾರದೋ ಡೇಟಾ ಬಂದಿದೆ. ಅದಕ್ಕೆ ಅದು ಗೊತ್ತಿಲ್ಲ. ತನ್ನದೇ ಎಂದು ಬಿಡಿಸಲು ಹೋಗಿ ಸೋಲುತ್ತದೆ. ಸೋತದ್ದನ್ನು ಎಸೆಯದೆ, ಮರುಪ್ರಸಾರ ಬಂದಾಗ ಜೊತೆ ಸೇರಿಸೋಣ ಎಂದು ಬಫರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಅಲ್ಲಿರುವುದು ಪರರ ಕಸ. ಸೇರಿಸಿದರೆ ಮರುಪ್ರಸಾರವೂ ಕೆಡಬಹುದು.

ಅದಕ್ಕೆ ಟವರ್ ಆಮೇಲೆ ಒಂದು ಚಿಕ್ಕ ಸೂಚನೆ ಕಳಿಸುತ್ತದೆ. ಬರೀ 14 ಬಿಟ್ ನಕ್ಷೆ: ಯಾವ ಯಾವ ಸಿಂಬಲ್‌ಗಳನ್ನು ಕಿತ್ತುಕೊಳ್ಳಲಾಗಿದೆ ಎಂದು. ಫೋನ್ ಅಷ್ಟು ಭಾಗವನ್ನು ಬಫರ್‌ನಿಂದ ಅಳಿಸುತ್ತದೆ. ನಂತರ ಪೂರ್ತಿ ಡೇಟಾ ಮತ್ತೆ ಕಳಿಸುವ ಬದಲು, ಪೆಟ್ಟು ಬಿದ್ದ ಕೋಡ್ ಗುಂಪನ್ನಷ್ಟೇ, ಅಂದರೆ ಡೇಟಾದ ಆ ತುಣುಕನ್ನಷ್ಟೇ ಮತ್ತೆ ಕಳಿಸುತ್ತಾರೆ. ನಷ್ಟ ಆಯಿತು, ಆದರೆ ಅದನ್ನು ಲೆಕ್ಕವಿಟ್ಟು ತುಂಬಿಕೊಟ್ಟರು. ಹಂಚಿಕೆಯ ಯಾವ ಯೋಜನೆ ಬಂದರೂ ನಾನು ಮೊದಲು ಹುಡುಕುವುದು ಈ ತುಂಬಿಕೊಡುವ ಭಾಗವನ್ನೇ.

ಯಾರ ಡೌನ್‌ಲೋಡ್‌ನಿಂದ ಕಿತ್ತುಕೊಳ್ಳಬೇಕು?

ಒಳ್ಳೆಯ ಪ್ರಶ್ನೆ. ಎಲ್ಲರಿಗೂ ಒಂದೇ ತರ ಪೆಟ್ಟಾಗುವುದಿಲ್ಲ. ತಪ್ಪು ತಿದ್ದಿಕೊಳ್ಳಲು ಕೋಡಿಂಗ್‌ನಲ್ಲಿ ಸಾಕಷ್ಟು ಹೆಚ್ಚುವರಿ ಬಿಟ್ ಇಟ್ಟುಕೊಂಡಿರುವ ಡೇಟಾ ಎರಡು ಸಿಂಬಲ್ ಹೋದರೂ ಬದುಕುತ್ತದೆ. ಅಂಚಿನವರೆಗೂ ಬಿಗಿಯಾಗಿ ತುಂಬಿದ ಡೇಟಾ ಅಷ್ಟಕ್ಕೇ ಪೂರ್ತಿ ಕೆಡುತ್ತದೆ. ಟೆಕ್ಸಸ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಈ ನಷ್ಟವನ್ನು ಮೂರು ಬಗೆಯಾಗಿ ನೋಡಿದರು: ಕಿತ್ತಷ್ಟೇ ನಷ್ಟ, ಕಿತ್ತಷ್ಟೂ ಏರುವ ನಷ್ಟ, ಒಂದು ಮಿತಿಯವರೆಗೆ ಏನೂ ಇಲ್ಲದೆ ಆಮೇಲೆ ಪೂರ್ತಿ ನಷ್ಟ. ನಷ್ಟದ ಬಗೆ ಬದಲಾದರೆ ಸರಿಯಾದ ಶೆಡ್ಯೂಲಿಂಗೂ ಬದಲಾಗುತ್ತದೆ.

32 ಬೈಟ್ ಅಂದರೆ ಎಸ್‌ಎಂಎಸ್‌ಗಿಂತ ಚಿಕ್ಕದು. ಅದಕ್ಕೆ ಇಷ್ಟು ಗಲಾಟೆ ಯಾಕೆ?

ಖಾತ್ರಿಗೆ ಬೆಲೆ ಇದೆ. ಲೆಕ್ಕ ಹಾಕಿ ನೋಡೋಣ.

32 ಬೈಟ್ ಅಂದರೆ 256 ಬಿಟ್. ಒಂದು ವಾಹಕದ ಒಂದು ಸಿಂಬಲ್ ಅಂದರೆ ಒಂದು ಖಾನೆ. ಎರಡು ಸಿಂಬಲ್‌ನ ಮಿನಿ ಸ್ಲಾಟ್‌ನಲ್ಲಿ 12 ವಾಹಕದ ಒಂದು ಬ್ಲಾಕ್‌ಗೆ 24 ಖಾನೆ. ಸಾಮಾನ್ಯ ಡೇಟಾದಲ್ಲಿ ಮೊದಲ ಪ್ರಯತ್ನಕ್ಕೆ ಹತ್ತರಲ್ಲಿ ಒಂದು ತಪ್ಪಿದರೂ ಪರವಾಗಿಲ್ಲ, ಮತ್ತೆ ಕಳಿಸಿದರಾಯಿತು ಎಂದು ಹೊರಡುತ್ತಾರೆ. ತುರ್ತು ಸೇವೆಗೆ ಮತ್ತೆ ಕಳಿಸುವಷ್ಟು ಹೊತ್ತು ಇರುವುದಿಲ್ಲ. ಮೊದಲ ಸಲವೇ ಲಕ್ಷಕ್ಕೆ ಒಂದು ತಪ್ಪಿನ ಮಟ್ಟದಲ್ಲಿ ಹೋಗಬೇಕು. ಅದಕ್ಕಾಗಿ, ಸಿಗ್ನಲ್‌ಗೆ ತಕ್ಕಂತೆ ಒಂದು ಖಾನೆಯಲ್ಲಿ ಎಷ್ಟು ಬಿಟ್ ತುಂಬಬೇಕು ಎಂದು ಹೇಳುವ ಬೇರೆ ಕೋಷ್ಟಕವೇ 5ಜಿಯಲ್ಲಿ ಇದೆ.

ಆ ಕೋಷ್ಟಕದ ತುದಿಯಲ್ಲಿ, ಸಿಗ್ನಲ್ ತುಂಬಾ ಚೆನ್ನಾಗಿರುವಾಗ, ಒಂದು ಖಾನೆಯಲ್ಲಿ ಸುಮಾರು 4.5 ಬಿಟ್ ಹಿಡಿಸಬಹುದು. ಆಗ 57 ಖಾನೆ, ಅಂದರೆ ಮೂರು ಬ್ಲಾಕ್ ಸಾಕು. ಬುಡದಲ್ಲಿ, ಸಿಗ್ನಲ್ ತೀರಾ ಕೆಟ್ಟಿರುವಾಗ, ಒಂದು ಖಾನೆಗೆ 0.06 ಬಿಟ್‌ಗಿಂತಲೂ ಕಡಿಮೆ. ಆಗ ಅದೇ 256 ಬಿಟ್‌ಗೆ 4,300ಕ್ಕೂ ಹೆಚ್ಚು ಖಾನೆ ಬೇಕು. ಸುಮಾರು 182 ಬ್ಲಾಕ್. ಇರುವುದೇ 273. ಒಂದು ಸಾಲಿನ ಸಂದೇಶಕ್ಕಾಗಿ 100 ಮೆಗಾಹರ್ಟ್ಸ್‌ನ ಮೂರನೇ ಎರಡು ಭಾಗ ಆ ಗಳಿಗೆಗೆ ಹೋಯಿತು. ನಿಯಂತ್ರಣ ಸಂದೇಶಗಳ ಖರ್ಚನ್ನು ನಾನು ಇಲ್ಲಿ ಸೇರಿಸಿಯೇ ಇಲ್ಲ.

ಆದ್ದರಿಂದ "5ಜಿ ಇದೆ, ಎಲ್ಲಿ ಬೇಕಾದರೂ ಒಂದು ಮಿಲಿಸೆಕೆಂಡ್ ಖಾತ್ರಿ" ಎಂದು ಯಾರಾದರೂ ಹೇಳಿದರೆ, ಸೆಲ್‌ನ ಅಂಚಿನಲ್ಲಿ ಅದಕ್ಕೆ ಎಷ್ಟು ಬ್ಲಾಕ್ ಕೊಡುತ್ತೀರಿ ಎಂದು ಕೇಳಿ. ಇಂಥ ಸೇವೆ ಬೇಕಾದ ಕಾರ್ಖಾನೆಗಳು ತಮ್ಮ ಆವರಣದೊಳಗೇ ಸಣ್ಣ ಸೆಲ್‌ಗಳನ್ನು ಹಾಕಿಸಿಕೊಳ್ಳುವುದು ಸರಿಯಾದ ದಾರಿ.

ಸಿಗ್ನಲ್ ಕಡ್ಡಿ ಫುಲ್ ಇದ್ದರೂ ನೆಟ್ ಓಡಲ್ಲ. ಯಾಕೆ?

ಕಡ್ಡಿ ತೋರಿಸುವುದು ಟವರ್‌ನ ಗುರುತಿನ ಸಂಕೇತ ನಿಮಗೆ ಎಷ್ಟು ಜೋರಾಗಿ ಕೇಳುತ್ತದೆ ಎನ್ನುವುದನ್ನು. ಆ ಟವರ್‌ನಲ್ಲಿ ಎಷ್ಟು ಜನ ಇದ್ದಾರೆ ಎನ್ನುವುದು ಅದರಲ್ಲಿ ಇಲ್ಲ.

ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಂಥ ಜಾಗದಲ್ಲಿ ತುಂಬಿದ ಮ್ಯಾಚ್ ಇದೆ ಅಂದುಕೊಳ್ಳಿ. ಸಿಕ್ಸರ್ ಬಿತ್ತು. ಸಾವಿರಾರು ಜನ ಒಂದೇ ಗಳಿಗೆಯಲ್ಲಿ ವಿಡಿಯೋ ಅಪ್‌ಲೋಡ್ ಒತ್ತುತ್ತಾರೆ. ಅಪ್‌ಲೋಡ್‌ಗೆ ಇಟ್ಟ ಸ್ಲಾಟ್‌ಗಳೇ ಕಡಿಮೆ. ಫೋನಿನ ಪ್ರಸಾರ ಶಕ್ತಿ ಸಾಮಾನ್ಯವಾಗಿ 200 ಮಿಲಿವ್ಯಾಟ್. ಮೇಲಾಗಿ, ಕಳಿಸುವ ಮೊದಲು ಪ್ರತಿ ಫೋನೂ "ನನಗೆ ಜಾಗ ಕೊಡಿ" ಎಂದು ಕೇಳಬೇಕು. ಆ ಕೇಳುವ ಜಾಗವೂ ಹಂಚಿಕೆಯದ್ದೇ. ಡೌನ್‌ಲೋಡ್ ಬದಿಯಲ್ಲಿ ಜಾಗ ಇದ್ದರೂ ನಿಮ್ಮ ಮನವಿ ಟವರ್ ತಲುಪದಿದ್ದರೆ ಏನೂ ಬರುವುದಿಲ್ಲ.

ಅಪ್‌ಲೋಡ್‌ನಲ್ಲಿ ತುರ್ತು ಸೇವೆಗೆ ಜಾಗ ಬಿಡಿಸುವುದು ಇನ್ನೂ ಕಷ್ಟ. ಡೌನ್‌ಲೋಡ್‌ನಲ್ಲಿ ಟವರ್ ಒಂದೇ ಕೈಯಿಂದ ಎರಡೂ ಕೆಲಸ ಮಾಡುತ್ತದೆ. ಇಲ್ಲಿ ಬೇರೆ ಯಾರದೋ ಫೋನ್ ಆಗಲೇ ಕಳಿಸುತ್ತಾ ಇದೆ, ಅದನ್ನು ನಿಲ್ಲಿಸು ಎನ್ನಬೇಕು. 2020ರಲ್ಲಿ ಬಂದ 5ಜಿ ಮಾನದಂಡದ ಆವೃತ್ತಿ ರಿಲೀಸ್ 16ರಲ್ಲಿ ಇದಕ್ಕೆ ರದ್ದು ಸೂಚನೆ ಸೇರಿಸಿದರು. ಇನ್ನೊಂದು ದಾರಿ, ತುರ್ತು ಸಾಧನಕ್ಕೆ ಮೊದಲೇ ಜಾಗ ಕೊಟ್ಟಿಡುವುದು. ಆಗ ಅದು ಕೇಳದೇ ಕಳಿಸಬಹುದು. ಕಳಿಸದೇ ಇದ್ದಾಗ ಆ ಜಾಗ ಖಾಲಿ.

ಸ್ಮಾರ್ಟ್ ಮೀಟರ್‌ನಂಥ ಸಣ್ಣ ಯಂತ್ರಗಳು ನಮ್ಮ ವೇಗ ತಿನ್ನುತ್ತವಾ?

ಡೇಟಾ ಪ್ರಮಾಣದಿಂದ ಅಲ್ಲ. ಅವುಗಳ ಸಂಖ್ಯೆಯಿಂದ, ಮತ್ತು ಅವು ಕೂತಿರುವ ಜಾಗದಿಂದ.

2016ರಲ್ಲಿ ಬಂದ ಎನ್‌ಬಿ-ಐಒಟಿ ಎಂಬ ತಂತ್ರಜ್ಞಾನ ಇಂಥ ಸಣ್ಣ ಯಂತ್ರಗಳಿಗೆಂದೇ ಮಾಡಿದ್ದು. ಅದಕ್ಕೆ 180 ಕಿಲೋಹರ್ಟ್ಸ್ ಸಾಕು, ಅಂದರೆ 4ಜಿಯ ಒಂದೇ ಒಂದು ಬ್ಲಾಕ್. 4ಜಿ ಒಳಗೇ ಕೂರಿಸಬಹುದು, ಅಥವಾ ಎರಡು ಬ್ಯಾಂಡ್ ನಡುವಿನ ಖಾಲಿ ಅಂಚಿನಲ್ಲಿ. ನೆಲಮಾಳಿಗೆಯ ಮೀಟರನ್ನೂ ತಲುಪಬೇಕಲ್ಲ, ಅದಕ್ಕೆ ಒಂದೇ ಸಂದೇಶವನ್ನು ಮತ್ತೆ ಮತ್ತೆ ಕಳಿಸುತ್ತದೆ: ಮೇಲಕ್ಕೆ 128 ಸಲದವರೆಗೆ, ಕೆಳಕ್ಕೆ 2,048 ಸಲದವರೆಗೆ. ನಾಲ್ಕು ಅಂಕಿ ಕಳಿಸಲು ಆ ಮೀಟರ್ ಜಾಗವನ್ನು ತುಂಬಾ ಹೊತ್ತು ಹಿಡಿದಿಡಬಹುದು.

ನಿಜವಾದ ಪರೀಕ್ಷೆ ಕರೆಂಟ್ ಹೋಗಿ ಬಂದಾಗ. ಇಡೀ ಬಡಾವಣೆಯ ಮೀಟರ್‌ಗಳು ಒಂದೇ ಸಲ ಎದ್ದು ನೆಟ್‌ವರ್ಕ್ ಬಾಗಿಲು ತಟ್ಟುತ್ತವೆ. 4ಜಿ, 5ಜಿಯಲ್ಲಿ ಬಾಗಿಲು ತಟ್ಟಲು ಒಂದು ಅವಕಾಶಕ್ಕೆ 64 ಸಂಕೇತಗಳಷ್ಟೇ ಇವೆ. ಇಬ್ಬರು ಒಂದೇ ಸಂಕೇತ ಆರಿಸಿಕೊಂಡರೆ ಡಿಕ್ಕಿ, ಇಬ್ಬರೂ ಮತ್ತೆ ಪ್ರಯತ್ನಿಸಬೇಕು. ಹಾಗಾಗಿ ಎದ್ದ ತಕ್ಷಣ ಮಾತಾಡದೆ, ಒಂದೊಂದು ಮೀಟರೂ ತನಗೆ ತೋಚಿದಷ್ಟು ಹೊತ್ತು ಕಾದು ಕಳಿಸುವಂತೆ ಮಾಡುವುದು ಬಹಳ ಮುಖ್ಯ. ದೇಶದಲ್ಲಿ 25 ಕೋಟಿ ಸ್ಮಾರ್ಟ್ ಮೀಟರ್ ಹಾಕುವ ಗುರಿ ಇರುವಾಗ, ಈ ಒಂದು ಸಣ್ಣ ಶಿಸ್ತನ್ನು ಮೀಟರ್ ಮಾಡುವವರು ಬಿಡಬಾರದು.

ನೆಟ್‌ವರ್ಕ್ ಸ್ಲೈಸಿಂಗ್ ಅಂದರೆ ಇದೇನಾ?

ಇದರ ಮೇಲಿನ ಪದರ. ಒಂದೇ ನೆಟ್‌ವರ್ಕನ್ನು ಹಲವು ನೆಟ್‌ವರ್ಕ್‌ಗಳ ಹಾಗೆ ನಡೆಸುವುದು ಸ್ಲೈಸಿಂಗ್. ಒಂದೊಂದಕ್ಕೂ ತನ್ನದೇ ನಿಯಮ, ತನ್ನದೇ ಖಾತ್ರಿ. ಒಂದು ಫೋನ್ ಏಕಕಾಲಕ್ಕೆ ಎಂಟು ಸ್ಲೈಸ್‌ಗಳವರೆಗೆ ಸೇರಬಹುದು.

ಕೋರ್ ನೆಟ್‌ವರ್ಕ್‌ನಲ್ಲಿ, ಅಂದರೆ ಟವರ್‌ಗಳ ಹಿಂದೆ ನಿಂತ ಸರ್ವರ್‌ಗಳ ಭಾಗದಲ್ಲಿ, ಸ್ಲೈಸ್ ಮಾಡುವುದು ಸುಲಭ. ಜಾಸ್ತಿ ಸರ್ವರ್ ಹಾಕಿದರೆ ಮುಗಿಯಿತು. ರೇಡಿಯೋ ಹಾಗಲ್ಲ, ಅಲ್ಲಿ ಇರುವುದು ಅದೇ 273 ಬ್ಲಾಕ್. ಅದಕ್ಕೆ ಮೂರು ಶೇಕಡಾವಾರು ಹಾಕಲು ಮಾನದಂಡ ಅವಕಾಶ ಕೊಡುತ್ತದೆ. ಮೀಸಲು ಪಾಲು: ನೀವು ಬಳಸದಿದ್ದರೂ ಬೇರೆಯವರಿಗೆ ಸಿಗದು. ಕನಿಷ್ಠ ಪಾಲು: ಕೇಳಿದಾಗ ಖಂಡಿತ ಸಿಗುತ್ತದೆ, ಕೇಳದಿದ್ದಾಗ ಬೇರೆಯವರು ಬಳಸಬಹುದು. ಗರಿಷ್ಠ ಪಾಲು: ಇದನ್ನು ದಾಟುವ ಹಾಗಿಲ್ಲ.

ನನ್ನ ಅಭಿಪ್ರಾಯ ಇಲ್ಲಿ ಸ್ಪಷ್ಟ. ಮೀಸಲು ಪಾಲು ಆದಷ್ಟೂ ಸೊನ್ನೆಗೆ ಹತ್ತಿರ ಇರಬೇಕು. ಕನಿಷ್ಠ ಪಾಲಿನಿಂದ ಬಹುತೇಕ ಎಲ್ಲ ಕೆಲಸವೂ ನಡೆಯುತ್ತದೆ. ಎರ್ಲಾಂಗ್ ಲೆಕ್ಕ ಮರೆತು ಗೋಡೆ ಕಟ್ಟಿದರೆ ಎಲ್ಲರೂ ಸೋಲುತ್ತಾರೆ.

ಇದನ್ನು ನಿಜವಾಗಿ ಯಾರಾದರೂ ಬಳಸುತ್ತಿದ್ದಾರಾ?

ಬಳಸುತ್ತಿದ್ದಾರೆ. 2023ರ ಮೇ ತಿಂಗಳಲ್ಲಿ ಬ್ರಿಟನ್ನಿನ ರಾಜ ಚಾರ್ಲ್ಸ್ ಪಟ್ಟಾಭಿಷೇಕದ ದಿನ ಲಂಡನ್ನಿನಲ್ಲಿ ವೊಡಾಫೋನ್, ಐಟಿಎನ್ ಸುದ್ದಿ ಸಂಸ್ಥೆಯ ನೇರಪ್ರಸಾರಕ್ಕೆ ಒಂದು ಸ್ಲೈಸ್ ಕೊಟ್ಟಿತು. ಸುತ್ತ ಜನಸಾಗರ ಇದ್ದರೂ ಕ್ಯಾಮೆರಾದ ಅಪ್‌ಲೋಡ್ ಕಡಿಯಬಾರದು ಎನ್ನುವುದು ಉದ್ದೇಶ. ಅಮೆರಿಕದಲ್ಲಿ ಟಿ-ಮೊಬೈಲ್ 2024ರಲ್ಲಿ ಪೊಲೀಸ್, ಅಗ್ನಿಶಾಮಕ ಮುಂತಾದವರಿಗೆ ಸ್ಲೈಸ್ ಆಧಾರಿತ ಸೇವೆ ಶುರು ಮಾಡಿತು.

ನಮ್ಮಲ್ಲಿ ಜಿಯೋ ಮೊದಲಿಂದಲೇ 5ಜಿ ಕೋರ್ ಇರುವ ಸ್ವತಂತ್ರ 5ಜಿ ಹಾಕಿತು. ತನ್ನ ಏರ್‌ಫೈಬರ್ ಸೇವೆಗೆ ಸ್ಲೈಸಿಂಗ್ ಬಳಸುತ್ತೇವೆ ಎಂದು ಹೇಳಿದೆ. ಏರ್‌ಟೆಲ್ ಶುರು ಮಾಡಿದ್ದು 4ಜಿ ಕೋರ್ ಮೇಲೆ ನಿಂತ 5ಜಿಯಿಂದ. ಆ ಬಗೆಯಲ್ಲಿ ಪೂರ್ತಿ ಸ್ಲೈಸಿಂಗ್ ಸಾಧ್ಯವಿಲ್ಲ, ಯಾಕೆಂದರೆ ಸ್ಲೈಸ್ ಎಂಬ ಕಲ್ಪನೆ ಇರುವುದೇ 5ಜಿ ಕೋರ್‌ನಲ್ಲಿ.

ಏರ್‌ಫೈಬರ್ ಉದಾಹರಣೆ ನಮಗೆ ಹತ್ತಿರದ್ದು. ಮನೆಯ ಟಿವಿ ಸಂಜೆಯೆಲ್ಲ ವಿಡಿಯೋ ಎಳೆಯುತ್ತದೆ. ಅದೇ ಸೆಲ್‌ನಲ್ಲಿ ರಸ್ತೆಯಲ್ಲಿರುವವರ ಮೊಬೈಲ್ ಕೂಡ ಇದೆ. ಮನೆ ಸಂಪರ್ಕಕ್ಕೆ ಗರಿಷ್ಠ ಮಿತಿ ಇಲ್ಲದಿದ್ದರೆ ರಸ್ತೆಯವರಿಗೆ ಕಷ್ಟ, ಕನಿಷ್ಠ ಖಾತ್ರಿ ಇಲ್ಲದಿದ್ದರೆ ದುಡ್ಡು ಕೊಟ್ಟ ಮನೆಯವರಿಗೆ ಕಷ್ಟ.

ಇದು ನೆಟ್ ನ್ಯೂಟ್ರಾಲಿಟಿಗೆ ವಿರುದ್ಧ ಅಲ್ವಾ?

ಇಂಟರ್‌ನೆಟ್‌ನಲ್ಲಿ ಯಾರ ಡೇಟಾ ಎಂದು ನೋಡದೆ ಎಲ್ಲವನ್ನೂ ಸಮನಾಗಿ ಕಾಣಬೇಕು ಎನ್ನುವುದೇ ನೆಟ್ ನ್ಯೂಟ್ರಾಲಿಟಿ. ಸ್ಲೈಸಿಂಗ್ ಅದಕ್ಕೆ ವಿರುದ್ಧವಾ ಎನ್ನುವುದು ಹೇಗೆ ಬಳಸುತ್ತಾರೆ ಎನ್ನುವುದರ ಮೇಲಿದೆ. ಯಾವ ವೆಬ್‌ಸೈಟ್ ಎಂದು ನೋಡಿ ಬೇರೆ ಬೇರೆ ದರ ಹಾಕುವುದನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2016ರ ಫೆಬ್ರವರಿಯಲ್ಲೇ ನಿಷೇಧಿಸಿತು. 2017ರ ನವೆಂಬರ್‌ನಲ್ಲಿ ಟ್ರಾಯ್ ಕೊಟ್ಟ ಶಿಫಾರಸನ್ನು ದೂರಸಂಪರ್ಕ ಇಲಾಖೆ 2018ರ ಜುಲೈನಲ್ಲಿ ಒಪ್ಪಿತು. ಅದರ ಪ್ರಕಾರ ವಿಶೇಷ ಸೇವೆಗಳಿಗೆ ವಿನಾಯಿತಿ ಇದೆ. ಆದರೆ ಅವು ಸಾಮಾನ್ಯ ಇಂಟರ್‌ನೆಟ್‌ಗೆ ಬದಲಿಯಾಗುವಂತಿಲ್ಲ, ಅದರ ಗುಣಮಟ್ಟವನ್ನು ಕೆಡಿಸುವಂತಿಲ್ಲ.

ದೂರದಿಂದ ನಡೆಸುವ ಕ್ರೇನ್‌ಗೆ ಖಾತ್ರಿ ಕೊಡುವುದು ಸರಿ. ಒಂದು ವಿಡಿಯೋ ಆ್ಯಪ್‌ಗೆ ಮಾತ್ರ ಬೇರೆ ದಾರಿ ಕೊಡುವುದು ಸರಿಯಲ್ಲ. ಮಧ್ಯೆ ಬೂದು ಜಾಗ ದೊಡ್ಡದಿದೆ. ಗೇಮಿಂಗ್ ಪ್ಯಾಕ್ ಯಾವ ಕಡೆ? ಉತ್ತರ ಏನೇ ಇರಲಿ, ಒಂದು ಸೆಲ್‌ನಲ್ಲಿ ಎಷ್ಟು ಶೇಕಡಾ ಮೀಸಲಿಟ್ಟಿದ್ದಾರೆ ಎಂದು ಕಂಪನಿಗಳು ಬಹಿರಂಗವಾಗಿ ಹೇಳಬೇಕು. ತರಂಗಾಂತರ ಜನರ ಸ್ವತ್ತು. ಅಷ್ಟು ತಿಳಿಯುವ ಹಕ್ಕು ನಮಗಿದೆ.

ಜನಜಂಗುಳಿಯಲ್ಲಿ 112ಕ್ಕೆ ಕರೆ ಮಾಡಿದರೆ ಹೋಗುತ್ತದಾ?

ಹೋಗಲು ಏರ್ಪಾಡಿದೆ. ತುರ್ತು ಕರೆ ಬಾಗಿಲು ತಟ್ಟುವಾಗಲೇ ತನ್ನ ಕಾರಣ ಹೇಳುತ್ತದೆ. ನೆಟ್‌ವರ್ಕ್ ತುಂಬಿದಾಗ ಟವರ್ ಸಾಮಾನ್ಯ ಫೋನ್‌ಗಳನ್ನು ಸ್ವಲ್ಪ ಹೊತ್ತು ತಡೆಹಿಡಿದು ತುರ್ತು ಕರೆಗಳನ್ನು ಒಳಗೆ ಬಿಡಬಹುದು. ಒಳಗೆ ಬಂದ ಮೇಲೂ ಒಂದು ಶ್ರೇಣಿ ಇದೆ. 1ರಿಂದ 15ರವರೆಗಿನ ಆ ಶ್ರೇಣಿಯಲ್ಲಿ ಮೇಲಿರುವ ಸಂಪರ್ಕಕ್ಕಾಗಿ ಕೆಳಗಿನ ಸಂಪರ್ಕವನ್ನು ಕಡಿಯುವ ಅಧಿಕಾರವನ್ನೂ ಕೊಡಬಹುದು. ಹಂಚಿಕೆಯ ಎಲ್ಲ ವಾದಗಳಲ್ಲಿ ಎರಡು ಮಾತಿಲ್ಲದೆ ಒಪ್ಪಬೇಕಾದದ್ದು ಇದೊಂದು.

4ಜಿ ಮತ್ತು 5ಜಿ ಒಂದೇ ಬ್ಯಾಂಡ್‌ನಲ್ಲಿ ಇರಬಹುದಾ?

ಇರಬಹುದು. ಎರಡಕ್ಕೂ 15 ಕಿಲೋಹರ್ಟ್ಸ್ ವಾಹಕ ಇಟ್ಟರೆ ಖಾನೆಗಳು ಹೊಂದುತ್ತವೆ. ಮಿಲಿಸೆಕೆಂಡಿಗೊಮ್ಮೆ ಯಾರಿಗೆ ಎಷ್ಟು ಎಂದು ಬದಲಿಸಬಹುದು. ತೊಂದರೆ ಏನೆಂದರೆ 4ಜಿಯ ಗುರುತಿನ ಸಂಕೇತಗಳು ಯಾರೂ ಬಳಸದಿದ್ದರೂ ಹೋಗುತ್ತಲೇ ಇರುತ್ತವೆ. 5ಜಿ ಆ ಖಾನೆಗಳನ್ನು ತಪ್ಪಿಸಿಕೊಂಡು ತನ್ನ ಡೇಟಾ ತುಂಬಬೇಕು. ಎರಡೂ ಕಡೆಯ ನಿಯಂತ್ರಣ ಸಂದೇಶಗಳಿಗೂ ಜಾಗ ಬೇಕು. ವ್ಯಾಪ್ತಿ ಬೇಗ ಹರಡಲು ಒಳ್ಳೆಯದು, ವೇಗಕ್ಕೆ ಅಲ್ಲ.

ಬೇರೆ ಬೇರೆ ಸೇವೆಗೆ ಬೇರೆ ಅಗಲದ ವಾಹಕ ಇಟ್ಟರೆ?

5ಜಿ ಅದಕ್ಕೂ ಅವಕಾಶ ಕೊಡುತ್ತದೆ: 15, 30, 60, 120 ಕಿಲೋಹರ್ಟ್ಸ್. ಅಗಲ ಎರಡು ಪಟ್ಟಾದರೆ ಸ್ಲಾಟ್ ಅರ್ಧವಾಗುತ್ತದೆ, ತಡ ಕಡಿಮೆಯಾಗುತ್ತದೆ. ಆದರೆ ಬೇರೆ ಬೇರೆ ಅಗಲ ಅಕ್ಕಪಕ್ಕ ಕೂತರೆ ಒಂದರ ಸಂಕೇತ ಇನ್ನೊಂದಕ್ಕೆ ಸೋರುತ್ತದೆ. ನಡುವೆ ಸ್ವಲ್ಪ ಖಾಲಿ ಜಾಗ ಬಿಡಬೇಕು. ಆ ಖಾಲಿ ಜಾಗವೂ ಹಂಚಿಕೆಯ ಖರ್ಚೇ.

ಇಬ್ಬರಿಗೆ ಒಂದೇ ಖಾನೆಯನ್ನು ಒಟ್ಟಿಗೇ ಕೊಡಲು ಆಗಲ್ವಾ?

ಸಿದ್ಧಾಂತದಲ್ಲಿ ಆಗುತ್ತದೆ. ಡೆನ್ಮಾರ್ಕಿನ ಆಲ್ಬೋರ್ಗ್ ವಿಶ್ವವಿದ್ಯಾಲಯದ ಪೆಟಾರ್ ಪೊಪೊವ್‌ಸ್ಕಿ ಮತ್ತು ಸಂಗಡಿಗರು 2018ರಲ್ಲಿ ಇದನ್ನು ಮೂರೂ ಬಗೆಯ ಸೇವೆಗಳಿಗೆ ಪರಿಶೀಲಿಸಿದರು. ಎರಡು ಸಂಕೇತ ಒಂದರ ಮೇಲೊಂದು ಬಂದರೂ, ಮೊದಲು ಒಂದನ್ನು ಬಿಡಿಸಿ, ಅದನ್ನು ಕಳೆದು, ಉಳಿದದ್ದರಿಂದ ಇನ್ನೊಂದನ್ನು ಬಿಡಿಸಬಹುದು. ಸೇವೆಗಳ ಸ್ವಭಾವ ಬೇರೆ ಬೇರೆ ಇರುವುದೇ ಇಲ್ಲಿ ಅನುಕೂಲಕ್ಕೆ ಬರುತ್ತದೆ. ತುರ್ತು ಪ್ಯಾಕೆಟನ್ನು ಮೊದಲು ಬಿಡಿಸಲೇಬೇಕು. ಅದು ಗಟ್ಟಿಯಾಗಿ ಕೋಡ್ ಆಗಿರುವುದರಿಂದ ಸರಿಯಾಗಿ ಸಿಗುವ ಸಂಭವ ಜಾಸ್ತಿ. ಬ್ರಾಡ್‌ಬ್ಯಾಂಡ್ ಕಾಯಬಲ್ಲದು, ಹಾಗಾಗಿ ಕೊನೆಗೆ ಅದರ ಸರದಿ.

ಮನೆಯ ವೈಫೈ ಕೂಡ ಹೀಗೇ ಹಂಚುತ್ತದಾ?

ಇಲ್ಲ. ಅಲ್ಲಿ ಮೂಲತಃ ಹಂಚುವವರಿಲ್ಲ. ಖಾಲಿ ಇದೆಯಾ ಎಂದು ಕೇಳಿಸಿಕೊಂಡು ಕಳಿಸುವುದು. ಧ್ವನಿ, ವಿಡಿಯೋ, ಸಾಮಾನ್ಯ, ಹಿನ್ನೆಲೆ ಎಂದು ನಾಲ್ಕು ದರ್ಜೆ ಇವೆ. ಮೇಲಿನ ದರ್ಜೆ ಕಡಿಮೆ ಹೊತ್ತು ಕಾಯುತ್ತದೆ, ಅಷ್ಟೇ. ವೈಫೈ 6ರಿಂದ ರೂಟರ್ ಕೂಡ ವಾಹಕಗಳನ್ನು ಗುಂಪು ಮಾಡಿ ಹಂಚಬಲ್ಲದು. ಪಕ್ಕದ ಮನೆಯ ರೂಟರ್ ಮೇಲೆ ಅದರ ಮಾತು ನಡೆಯುವುದಿಲ್ಲ.

6ಜಿಯಲ್ಲಿ ಏನು ಬದಲಾಗುತ್ತದೆ?

ಪಾಲುದಾರರು ಹೆಚ್ಚಾಗುತ್ತಾರೆ. 2023ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಹಾಕಿದ ಚೌಕಟ್ಟಿನಲ್ಲಿ ಮೂರರ ಬದಲು ಆರು ಬಗೆಯ ಬಳಕೆ ಇದೆ. ಅದರಲ್ಲಿ ತೀರಾ ಹೊಸದು ಗ್ರಹಿಕೆ. ಟವರ್ ತನ್ನ ಅಲೆಗಳನ್ನೇ ರಾಡಾರ್ ಹಾಗೆ ಬಳಸಿ ಸುತ್ತಲಿನ ವಸ್ತುಗಳನ್ನು ಗುರುತಿಸುವುದು. ಅದಕ್ಕೂ ಇದೇ ಖಾನೆಗಳು ಬೇಕು. ಡ್ರೋನ್ ಹುಡುಕುವ ಸಂಕೇತಕ್ಕಾಗಿ ನಿಮ್ಮ ವಿಡಿಯೋದ ಯಾವ ಸಿಂಬಲ್ ಬಿಟ್ಟುಕೊಡಬೇಕು ಎನ್ನುವ ಚರ್ಚೆ ಈಗಲೇ ನಡೆಯಬೇಕು.

ನಾನು ವಿದ್ಯಾರ್ಥಿ. ಇದನ್ನು ಕೈಯಿಂದ ಮಾಡಿ ನೋಡುವುದು ಹೇಗೆ?

ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆಯಿರಿ. 273 ಬ್ಲಾಕ್, ಹತ್ತು ಫೋನ್, ಪ್ರತಿ ಸ್ಲಾಟ್‌ಗೂ ಪ್ರತಿ ಫೋನಿಗೂ ಏರಿಳಿಯುವ ವೇಗ. ಮೊದಲು ಅತಿ ವೇಗದವರಿಗೇ ಎಲ್ಲ ಕೊಟ್ಟು ನೋಡಿ. ಆಮೇಲೆ ಅನುಪಾತದ ನ್ಯಾಯ ಹಾಕಿ. ಕೊನೆಯ ಫೋನಿನ ವೇಗ ಎಷ್ಟು ಬದಲಾಯಿತು, ಒಟ್ಟು ಎಷ್ಟು ಇಳಿಯಿತು ಎಂದು ಬರೆದಿಟ್ಟುಕೊಳ್ಳಿ. ನಂತರ ಆಗಾಗ ತುರ್ತು ಪ್ಯಾಕೆಟ್ ಬಿಡಿ. ಒಂದು ಸಲ ಅದಕ್ಕೆ ಜಾಗ ಮೀಸಲಿಟ್ಟು, ಇನ್ನೊಂದು ಸಲ ಕಿತ್ತುಕೊಂಡು. ತುರ್ತು ಪ್ಯಾಕೆಟ್ ಅಪರೂಪವಾಗಿದ್ದಾಗ ಕಿತ್ತುಕೊಳ್ಳುವುದು ಗೆಲ್ಲುತ್ತದೆ. ಅವು ಹೆಚ್ಚುತ್ತಾ ಹೋದ ಹಾಗೆ ಎಲ್ಲಿ ಲೆಕ್ಕ ತಿರುಗುತ್ತದೆ ಎಂದು ನೀವೇ ಹುಡುಕಿ.

ಅದಾದ ಮೇಲೆ ಎಸ್‌ಆರ್‌ಎಸ್‌ರಾನ್, ಓಪನ್‌ಏರ್‌ಇಂಟರ್‌ಫೇಸ್ ಎಂಬ ಮುಕ್ತ ತಂತ್ರಾಂಶಗಳಿವೆ. ನಿಜವಾದ ಬೇಸ್ ಸ್ಟೇಷನ್‌ನ ಶೆಡ್ಯೂಲರ್ ಕೋಡನ್ನು ಅಲ್ಲೇ ಓದಬಹುದು, ತಿದ್ದಬಹುದು. 2022ರ ಮೇ 17ರಂದು ಉದ್ಘಾಟನೆಯಾದ ದೇಶದ 5ಜಿ ಪರೀಕ್ಷಾ ವೇದಿಕೆಯನ್ನು ಕಟ್ಟಿದ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಐಐಎಸ್‌ಸಿ ಕೂಡ ಒಂದು. ನಿಮ್ಮ ಶೆಡ್ಯೂಲರ್ ಸಿಮ್ಯುಲೇಷನ್‌ನಲ್ಲಿ ಚೆನ್ನಾಗಿ ನಡೆದರೆ, ನಿಜವಾದ ರೇಡಿಯೋ ಮೇಲೆ ಓಡಿಸಲು ಅಂಥ ಜಾಗ ಬೇಕಾಗುತ್ತದೆ.